ಹೊಗೆಯೂ ಅನುಮಾನವೂ

ತರ್ಕಶಾಸ್ತ್ರದ ಹೊಸ್ತಿಲನ್ನು ತುಳಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊಟ್ಟಮೊದಲು ಒಂದು ಬೆಟ್ಟವನ್ನು ಕಾಣಬೇಕಾಗುವುದು. ಆ ಬೆಟ್ಟದ ಮೇಲೆ ಹೊಗೆ ಏಳುತ್ತಿರುವುದು. ಹೊಗೆಯಿರುವುದರಿಂದ ಅಲ್ಲಿ ಬೆಂಕಿಯೂ ಇರಲೇಬೇಕೆಂದು ಅವನು ನಿರ್ಣಯಿಸಬೇಕು. ನಿದರ್ಶನವನ್ನು ಕೇಳಿದರೆ ಅಡಿಗೆಮನೆಯ ಕಡೆಗೆ ಕೈತೋರಿಸಬೇಕು. ಇದಕ್ಕೆ ಅನುಮಾನವೆಂದು ಹೆಸರು. ಮೈಸೂರಿನಲ್ಲಿ ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಯಾಗಿದ್ದಾಗ ನಾನೂ ಆ ಬೆಟ್ಟದ ತಪ್ಪಲಿನಲ್ಲಿ ಎರಡು ವರ್ಷ ಕುಳಿತಿದ್ದೆನು. ಕಂಡದ್ದೆಲ್ಲವೂ ಹೊಗೆಯಲ್ಲ, ಬೆಳಗಿನ ಮಂಜನ್ನೋ ದನಗಳು ಎಬ್ಬಿಸಿದ ಧೂಳನ್ನೋ ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಸಾಧಿಸಹೊರಟವನು ನಗೆಗೀಡಾಗುವನು ಎಂದು ನಮ್ಮ ಗುರುಗಳು ಬಿಡಿಸಿ ಹೇಳಿದ್ದರು. ಅಂತಹ ಕೆಟ್ಟ ಹೇತುವಿಗೆ ಹೇತ್ವಾಭಾಸವೆಂದು ಹೆಸರು. ಪರೀಕ್ಷೆಯಲ್ಲಿ ಆ ಭಾಗಕ್ಕೆ ನನಗೆ ಒಳ್ಳೆಯ ಅಂಕಗಳೇ ಬಂದಿದ್ದುವು. ಪರೀಕ್ಷೆಯಲ್ಲಿ ಗೆದ್ದುದರಿಂದ ಬಾಳಿನಲ್ಲಿಯೂ ಗೆಲ್ಲುವೆನೆಂದು ತಿಳಿದುದು ನನ್ನ ತಪ್ಪು.

ಕನ್ನಡದಲ್ಲಿ ‘ಅನುಮಾನ’ವೆಂಬ ಮಾತಿಗೆ ಬೇರೊಂದು ಅರ್ಥವುಂಟಷ್ಟೆ. ಶಾಸ್ತ್ರದಲ್ಲಿ ಅದು ನಿಶ್ಚಯಜ್ಞಾನಕ್ಕೆ ಸಾಧನ. ನಮ್ಮ ಬೀದಿಯಲ್ಲಿ ಅದು ಸಂದೇಹ, ಒಬ್ಬರ ಮೇಲೊಬ್ಬರಿಗಿರುವ ಅಪನಂಬಿಕೆ. ನನ್ನ ಮನೆಯಲ್ಲಿ ನಾನು ಮಾಡಿದುದು ಎರಡನೆಯದು. ಮಾಡುತ್ತಿರುವೆನೆಂದು ತಿಳಿದುಕೊಂಡಿದ್ದುದು ಮೊದಲನೆಯದು. ಆ ವೃತ್ತಾಂತವನ್ನು ಈ ಪತ್ರಿಕೆಯ ವಾಚಕರ ಮುಂದೆ ಇಡಬೇಕೆಂದು ಕೆಲವು ಕಾಲದಿಂದ ಯೋಚಿಸುತ್ತಿದ್ದೆನು. ಇದು ನನ್ನ ಸೊಸೆಗೆ ಸಂಬಂಧಪಟ್ಟುದಾದ ಕಾರಣ ಅವಳ ಒಪ್ಪಿಗೆಯನ್ನು ಪಡೆದೇ ಬರೆಯುತ್ತಿರುವೆನು. ಬರೆದುದನ್ನು ಅವಳು ಓದಿರುವಳು. ಅವಳನ್ನು ಹೊಗಳಿದ್ದ ಎರಡು ವಾಕ್ಯಗಳನ್ನು ಹೊಡೆದು ಹಾಕಿರುವಳು.

ನಮ್ಮದು ಹೇಮಾವತಿಯ ದಡದ ಒಂದು ಸಣ್ಣ ಊರು. ಮನೆಯಲ್ಲಿ ನಾನು, ನನ್ನ ಮನೆಯಾಕೆ, ತಾಲ್ಲೂಕು ಕಚೇರಿಯಲ್ಲಿ ಕೆಲಸಮಾಡುವ ಮಗ, ಸೊಸೆ, ಒಬ್ಬ ಮೊಮ್ಮಗ. ಸೊಸೆ ಊರಿನ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯಿನಿ. 2007ರಲ್ಲಿ ಅವಳು ನಮ್ಮ ಮನೆಗೆ ಬಂದಾಗ ಅವಳಿಗೆ 25 ವರ್ಷ. ದಿನಸಿ ಅಂಗಡಿಯ ಶೆಟ್ಟರು ಚೀಟಿಯ ಮೇಲೆ ಅಂಕಿಗಳನ್ನು ಕೂಡಿ ಮುಗಿಸುವುದಕ್ಕೆ ಮೊದಲೇ ಮೊತ್ತವನ್ನು ಬಾಯಲ್ಲಿ ಹೇಳಿಬಿಡುತ್ತಿದ್ದಳು. ‘ಸ್ವಾಮಿ, ನಿಮ್ಮ ಸೊಸೆಯನ್ನು ಅಂಗಡಿಗೆ ಕಳುಹಿಸಬೇಡಿ, ನನಗೆ ನಾಚಿಕೆಯಾಗುತ್ತದೆ’ ಎಂದು ಶೆಟ್ಟರು ನಗುತ್ತಿದ್ದರು.

2018ರಲ್ಲಿ ನನಗೆ ಕೆಲಸದಿಂದ ನಿವೃತ್ತಿಯಾಯಿತು. ಮೂವತ್ತುನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದವನು ಮನೆಯಲ್ಲಿ ಕುಳಿತರೆ ಮನೆಯೇ ಪಾಠಶಾಲೆಯಾಗುವುದು, ಮನೆಯವರೇ ವಿದ್ಯಾರ್ಥಿಗಳಾಗುವರು. ಅದುವರೆಗೆ ನನ್ನ ಕಣ್ಣಿಗೆ ಬೀಳದಿದ್ದ ಎಷ್ಟೋ ಸಂಗತಿಗಳು ಆ ವರ್ಷ ಕಣ್ಣಿಗೆ ಬಿದ್ದುವು. ಸೊಸೆಯ ಕೈಯಿಂದ ಲೋಟ ಜಾರಿ ಬೀಳುವುದು. ಶಾಲೆಯಿಂದ ಬಂದವಳು ಅಡಿಗೆಮನೆಗೆ ಹೋಗದೆ ಅರ್ಧ ಗಂಟೆ ಗೋಡೆಗೊರಗಿ ಕುಳಿತುಬಿಡುವುದು. ತಲೆನೋವೆಂದು ಹೇಳಿ ದೀಪ ಆರಿಸುವುದು. ಎಲ್ಲಕ್ಕಿಂತಲೂ ನನ್ನನ್ನು ನೋಯಿಸಿದುದು ಒಂದು ಏಕಾದಶಿಯ ಸಂಜೆ ನಡೆದ ಸಂಗತಿ. ನಾನು ಜಗಲಿಯ ಮೇಲಿದ್ದೆನು. ‘ನಾಳೆ ಪಾರಣೆ ಎಷ್ಟು ಹೊತ್ತಿಗೆ, ಪಂಚಾಂಗ ನೋಡಿ ಹೇಳಮ್ಮಾ’ ಎಂದೆನು. ಅವಳು ಪಂಚಾಂಗವನ್ನು ತೆಗೆದಳು, ಹಾಳೆ ಮಗುಚಿದಳು, ನನ್ನ ಮುಖವನ್ನೇ ನೋಡುತ್ತ ನಿಂತಳು. ಮತ್ತೊಮ್ಮೆ ಕೇಳಿದೆನು, ಉತ್ತರವಿಲ್ಲ. ಪಂಚಾಂಗವನ್ನು ನನ್ನ ಮುಂದಿಟ್ಟು ಒಳಗೆ ಹೊರಟುಹೋದಳು.

ನನ್ನ ವಿದ್ಯೆ ಆಗ ಎಚ್ಚತ್ತಿತು. ಇವಳಿಗೆ ಗರ್ವ ಬಂದಿರುವುದು, ಏಕೆಂದರೆ ಕೇಳಿದರೆ ಉತ್ತರ ಕೊಡುವುದಿಲ್ಲ, ಯಾರು ಯಾರು ಕೇಳಿದರೆ ಉತ್ತರ ಕೊಡುವುದಿಲ್ಲವೋ ಅವರೆಲ್ಲರೂ ಗರ್ವಿಷ್ಠರು, ಹಿಂದೆ ನನ್ನ ತರಗತಿಯಲ್ಲಿದ್ದ ಒಬ್ಬ ಶ್ರೀಮಂತರ ಮಗನಂತೆ, ಇವಳೂ ಹಾಗೆಯೇ, ಆದುದರಿಂದ ಇವಳು ಗರ್ವಿಷ್ಠೆ. ಐದು ಅವಯವಗಳಲ್ಲಿ ಒಂದೂ ಕೊರತೆಯಾಗಲಿಲ್ಲ. ಆಮೇಲೆ ಎರಡು ದಿನ ನಾನು ಅವಳೊಡನೆ ಮಾತನಾಡಲಿಲ್ಲ. ಬಡಿಸಿದರೆ ತಿಂದೆನು, ಸಾಕೆಂಬುದನ್ನು ಕೈಯಲ್ಲಿ ತೋರಿಸಿದೆನು.

ಮೌನದಿಂದ ಮನಸ್ಸು ತಣಿಯಲಿಲ್ಲ. ಇದು ದೇಹದ ಜಡತೆಯೂ ಇರಬಹುದು, ವ್ರತನಿಯಮಗಳಿಂದ ಸರಿಹೋಗುವುದೆಂದು ಉಪದೇಶಕ್ಕೆ ತೊಡಗಿದೆನು. ನಮ್ಮದು ಏಕಾದಶಿಯಂದು ನೀರನ್ನೂ ಮುಟ್ಟದ ಮನೆ. ಅವಳಿಗೆ ಶಾಲೆಯ ಕೆಲಸವಿರುವುದರಿಂದ ನನ್ನ ಮನೆಯಾಕೆ ಹಾಲು ಹಣ್ಣಿಗೆ ವಿನಾಯಿತಿ ಕೊಟ್ಟಿದ್ದಳು; ನಾನು ಅದನ್ನು ತೆಗೆಸಿದೆನು. ಬೆಳಗಿನ ಜಾವ ಎದ್ದು ಪ್ರಾಣಾಯಾಮ ಮಾಡೆಂದೆನು. ಅವಳು ಎದುರು ಮಾತನಾಡುವ ಹೆಣ್ಣಲ್ಲ. ಆ ವರ್ಷದ ಕಾರ್ತಿಕದಲ್ಲಿ, ಉಪವಾಸದ ಮರುದಿನ ಬೆಳಗಿನ ಜಾವ, ಪಾರಣೆಗೆ ಮುಂಚೆ, ಅವಳನ್ನು ಎದುರಿಗೆ ಕೂಡಿಸಿಕೊಂಡು ಭಸ್ತ್ರಿಕೆಯನ್ನು ಹೇಳಿಕೊಟ್ಟೆನು. ಕಮ್ಮಾರನ ತಿದಿಯಂತೆ ಉಸಿರನ್ನು ವೇಗವಾಗಿ ಸೆಳೆದು ವೇಗವಾಗಿ ಬಿಡುವುದು ಅದರ ಕ್ರಮ. ‘ಇನ್ನೂ ಜೋರಾಗಿ, ಇನ್ನೂ ಜೋರಾಗಿ’ ಎಂದು ತೊಡೆಯ ಮೇಲೆ ತಾಳ ಹಾಕಿದೆನು. ಒಂದೆರಡು ನಿಮಿಷ ಕಳೆದಿರಬಹುದು. ಅವಳ ಬಲಗೈ ಮೊಣಕಾಲಿನ ಮೇಲಿಂದ ಜಾರಿ ನೆಲದ ಮೇಲೆ ಬಿದ್ದಿತು. ಬಿದ್ದುದು ಅವಳಿಗೆ ತಿಳಿದಂತೆ ಕಾಣಲಿಲ್ಲ. ಬಾಯಿಯ ಒಂದು ಕೊನೆ ಕೆಳಕ್ಕಿಳಿದಿತ್ತು. ‘ಏನಾಯಿತಮ್ಮಾ’ ಎಂದರೆ ತುಟಿ ಅಲುಗಿತೇ ಹೊರತು ಶಬ್ದ ಬರಲಿಲ್ಲ. ಕಣ್ಣುಗಳು ಮಾತ್ರ ನನ್ನನ್ನೇ ನೋಡುತ್ತಿದ್ದುವು. ಪಂಚಾಂಗವನ್ನು ಕೈಯಲ್ಲಿ ಹಿಡಿದು ನಿಂತಿದ್ದ ದಿನ ಇದ್ದ ನೋಟವೇ ಅದು. ಅಂದು ನಾನು ಗರ್ವವೆಂದು ಓದಿದುದು ಭಯವಾಗಿತ್ತೆಂಬುದು ಆಗ ನನಗೆ ಹೊಳೆಯಿತು.

ಐದಾರು ನಿಮಿಷಗಳಲ್ಲಿ ಎಲ್ಲವೂ ಮೊದಲಿನಂತಾಯಿತು. ಕೈ ಬಂದಿತು, ಮಾತು ಬಂದಿತು. ‘ಇದು ನಾಲ್ಕೈದು ಸಲ ಆಗಿದೆ, ಮಾವ’ ಎಂದಳು. ಮೊದಲೇ ಏಕೆ ಹೇಳಲಿಲ್ಲವೆಂದು ನನ್ನ ಮನೆಯಾಕೆ ಅಳುತ್ತ ಕೇಳಿದಳು. ‘ಹೇಳುವ ಹೊತ್ತಿಗೆ ಸರಿಹೋಗಿರುತ್ತಿತ್ತು, ಅತ್ತೆ. ಏನೂ ಇಲ್ಲದವಳ ಮಾತನ್ನು ಯಾರು ನಂಬುತ್ತಾರೆ?’ ಎಂಬುದು ಅವಳ ಉತ್ತರ.

ಊರಿನಲ್ಲಿ ಮೊದಲು ತೋರಿಸಿದ ವೈದ್ಯರು, ನರಗಳ ಬಲಹೀನತೆ, ಮನಸ್ಸಿಗೆ ಹಚ್ಚಿಕೊಂಡಿರುವುದು, ವಿಶ್ರಾಂತಿ ಬೇಕು ಎಂದು ಗುಳಿಗೆ ಕೊಟ್ಟು ಕಳುಹಿಸಿದರು. ಬಂಧುಗಳೊಬ್ಬರು ಗ್ರಹಶಾಂತಿಯನ್ನು ಸೂಚಿಸಿದರು. ಅದನ್ನೂ ಮಾಡಿಸಿದೆವು. ಆದರೆ ಆ ಬೆಳಗಿನ ದೃಶ್ಯ ನನ್ನ ಕಣ್ಣಿನಿಂದ ಸರಿಯಲಿಲ್ಲ. ಮಗನೂ ನಾನೂ ಅವಳನ್ನು ಬೆಂಗಳೂರಿಗೆ ಕರೆದೊಯ್ದೆವು. ಎಂ. ಆರ್. ಐ. ಚಿತ್ರಗಳನ್ನು ತೆಗೆದರು, ಅನಂತರ ಧಮನಿಯೊಳಕ್ಕೆ ಸಣ್ಣದೊಂದು ಕೊಳವೆಯನ್ನು ತೂರಿಸಿ, ಕ್ಷಕಿರಣಕ್ಕೆ ಕಾಣುವ ದ್ರವವನ್ನು ಬಿಟ್ಟು ಆಂಜಿಯೋಗ್ರಾಮ್ ಮಾಡಿದರು. ನನ್ನ ಮಗನಿಗಿಂತ ಸ್ವಲ್ಪವೇ ಹಿರಿಯರಾದ ಒಬ್ಬ ವೈದ್ಯರು ನಮ್ಮನ್ನು ಕರೆದು ಪರದೆಯ ಮೇಲೆ ಅದನ್ನು ತೋರಿಸಿದರು. ಮರದ ಬೊಡ್ಡೆಯಂತೆ ಮೇಲೇರಿ ಬಂದ ಧಮನಿ ಒಂದೆಡೆ ದಾರದಷ್ಟು ಕಿರಿದಾಗಿ ನಿಂತುಹೋಗಿತ್ತು. ಅದರ ಸುತ್ತ ಮಸುಕುಮಸುಕಾಗಿ ಏನೋ ಹಬ್ಬಿತ್ತು. ‘ಇದನ್ನು ನೋಡಿದರೆ ನಿಮಗೆ ಏನೆನ್ನಿಸುತ್ತದೆ, ಮೇಷ್ಟ್ರೇ?’ ಎಂದು ಕೇಳಿದರು.

‘ಹೊಗೆ’ ಎಂದೆನು.

‘ಜಪಾನಿನವರೂ ಹಾಗೆಯೇ ಹೇಳಿದರು. ಇದರ ಹೆಸರೇ ಮೊಯಾಮೊಯಾ’ ಎಂದರು.

ಗಾಳಿಯಲ್ಲಿ ತೇಲುವ ಹೊಗೆಯಂತೆ ಮಬ್ಬಾಗಿರುವುದನ್ನು ಹೇಳುವುದಕ್ಕೆ ಜಪಾನೀ ಭಾಷೆಯಲ್ಲಿರುವ ಮಾತು ಅದು. ನಮ್ಮ ವ್ಯಾಕರಣದಲ್ಲಿ ಅನುಕರಣ ಶಬ್ದವೆನ್ನುವ ಜಾತಿಯದು. ಈ ರೋಗವನ್ನು ಮೊದಲು ವರ್ಣಿಸಿದವರು ಜಪಾನಿನ ತಾಕೆಯುಚಿ ಮತ್ತು ಶಿಮಿಜು ಎಂಬ ವೈದ್ಯರು, 1957ರಲ್ಲಿ. ಹೊಗೆಯ ಹೆಸರನ್ನು ಲೋಕಕ್ಕೆ ತಿಳಿಸಿದವರು ಸೆಂಡಾಯ್ ನಗರದ ಜಿರೋ ಸುಜುಕಿ ಮತ್ತು ಅಕಿರಾ ತಾಕಾಕು, 1969ರಲ್ಲಿ. ಮೆದುಳಿನ ರಕ್ತನಾಳಗಳನ್ನು ಕ್ಷಕಿರಣದಿಂದ ಕಾಣುವ ಉಪಾಯವನ್ನು ಪೋರ್ತುಗಾಲಿನ ಎಗಾಶ್ ಮೊನಿಶ್ 1927ರಲ್ಲಿ ಕಂಡುಹಿಡಿಯದೆ ಇದ್ದಿದ್ದರೆ ಈ ಹೊಗೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹೊಗೆಯ ನಿಜವನ್ನು ವೈದ್ಯರು ಹೇಳಿದರು. ನಮ್ಮ ಊರಿನ ನಾಲೆಯ ಮಾತಿನಲ್ಲಿ ನಾನು ಅದನ್ನು ಹೀಗೆ ತಿಳಿದುಕೊಂಡಿರುವೆನು. ಕೊರಳಿನ ಎರಡು ಪಕ್ಕಗಳಲ್ಲಿಯೂ ಮೆದುಳಿಗೆ ರಕ್ತವನ್ನೊಯ್ಯುವ ದೊಡ್ಡ ಧಮನಿಗಳಿವೆ. ಅವು ತಲೆಬುರುಡೆಯೊಳಗೆ ಹೊಕ್ಕು ಕವಲೊಡೆಯುವ ಎಡೆಯಲ್ಲಿ, ಒಳಗೋಡೆ ವರ್ಷವರ್ಷಕ್ಕೂ ದಪ್ಪವಾಗುತ್ತ ದಾರಿ ಕಿರಿದಾಗುವುದು. ಮುದುಕರ ಧಮನಿಗಳಲ್ಲಿ ಕೊಬ್ಬು ಸೇರಿ ಆಗುವ ಕಾಯಿಲೆ ಇದಲ್ಲ. ಹಿರಿಯ ನಾಲೆಯಲ್ಲಿ ನೀರು ಕಡಿಮೆಯಾದರೆ ರೈತರು ಅಲ್ಲಲ್ಲಿ ಕೈಗಾಲುವೆಗಳನ್ನು ತೋಡಿಕೊಳ್ಳುವರಲ್ಲವೆ? ದೇಹವೂ ಹಾಗೆಯೇ ನೂರಾರು ಸಣ್ಣ ನಾಳಗಳನ್ನು ಬೆಳೆಸಿಕೊಂಡು ಹಸಿದ ಮೆದುಳಿಗೆ ರಕ್ತವನ್ನು ಮುಟ್ಟಿಸಲೆತ್ನಿಸುವುದು. ಆ ನಾಳಗಳ ಜಾಲವೇ ಹೊಗೆ. ಕೈಗಾಲುವೆ ಸಾಲದೆ ಹೋದಾಗ ಕೈ ಬೀಳುವುದು, ಮಾತು ನಿಲ್ಲುವುದು; ಸಾಲದಿರುವುದು ಹೆಚ್ಚುಹೊತ್ತಾದರೆ ಆ ಗದ್ದೆ ಒಣಗಿಯೇಹೋಗುವುದು. ಕೈಗಾಲುವೆಯ ಏರಿ ತೆಳುವಾದುದರಿಂದ ಒಡೆಯುವುದೂ ಉಂಟು. ಆಗ ಮೆದುಳಿನೊಳಗೆ ರಕ್ತಸ್ರಾವವಾಗುವುದು. ಮಕ್ಕಳಲ್ಲಿ ಮೊದಲನೆಯ ಬಗೆ ಹೆಚ್ಚು. ವಯಸ್ಕರಲ್ಲಿ ಎರಡೂ ಉಂಟು, ಜಪಾನಿನ ವಯಸ್ಕರಲ್ಲಿ ರಕ್ತಸ್ರಾವ ವಿಶೇಷವಾಗಿ ಉಂಟು.

ಇದು ಅಪರೂಪದ ರೋಗ. ಹೆಚ್ಚಾಗಿರುವ ಜಪಾನಿನಲ್ಲಿಯೇ 2003ರ ಗಣನೆಯಂತೆ ರೋಗಿಗಳು ಸುಮಾರು 7,700 ಮಂದಿ, ಅಂದರೆ ಲಕ್ಷಕ್ಕೆ ಆರು ಮಂದಿ. ಗಂಡಸರಿಗಿಂತ ಹೆಂಗಸರು ಇಮ್ಮಡಿಗೆ ಸಮೀಪ. ಐದರಿಂದ ಹತ್ತು ವರ್ಷದ ಮಕ್ಕಳಲ್ಲಿ ಒಮ್ಮೆ, ನಲವತ್ತರ ಆಚೀಚೆ ಇನ್ನೊಮ್ಮೆ ಇದು ಹೆಚ್ಚಾಗಿ ತಲೆದೋರುವುದು. 2011ರಲ್ಲಿ ಜಪಾನಿನ ವಿದ್ವಾಂಸರು ಆರ್‌ಎನ್‌ಎಫ್ 213 ಎಂಬ ವಂಶವಾಹಿಯ ಒಂದು ಮಾರ್ಪಾಡಿಗೂ ಈ ರೋಗಕ್ಕೂ ಸಂಬಂಧವಿರುವುದನ್ನು ಕಂಡುಹಿಡಿದರು. ಆದರೂ ಆ ಮಾರ್ಪಾಡುಳ್ಳ ಹೆಚ್ಚಿನವರಿಗೆ ರೋಗ ಬರುವುದೇ ಇಲ್ಲ. ಇದು ಇದ್ದರೆ ಅದು ಇದ್ದೇ ಇರುವುದೆಂಬ ವ್ಯಾಪ್ತಿ ಅಲ್ಲಿಯೂ ಸಿದ್ಧವಾಗಿಲ್ಲವೆಂದು ತಿಳಿದು, ಪಾಪಿಯಾದ ನನಗೆ ಸ್ವಲ್ಪ ಜೊತೆ ಸಿಕ್ಕಿದಂತಾಯಿತು.

ಕಡೆಯಲ್ಲಿ ವೈದ್ಯರು, ‘ಯಾವಾಗ ಹೀಗಾಗುತ್ತಿತ್ತು?’ ಎಂದು ಕೇಳಿದರು. ಸೊಸೆ ನನ್ನ ಮುಖ ನೋಡಿ ಸುಮ್ಮನಾದಳು. ನಾನೇ ಹೇಳಿದೆನು. ಉಪವಾಸ, ನೀರಿಲ್ಲದ ದಿನ, ಭಸ್ತ್ರಿಕೆ, ಒಂದನ್ನೂ ಮುಚ್ಚಿಡಲಿಲ್ಲ. ವೈದ್ಯರು ನನ್ನನ್ನು ಬೈಯಲಿಲ್ಲ. ವಿದ್ಯಾರ್ಥಿಗೆ ಹೇಳುವಂತೆ ಹೇಳಿದರು. ವೇಗವಾಗಿ ಉಸಿರಾಡಿದರೆ ರಕ್ತದಲ್ಲಿರುವ ಅಂಗಾರಾಮ್ಲವಾಯು ಕಡಿಮೆಯಾಗುವುದು. ಅದು ಕಡಿಮೆಯಾದರೆ ಮೆದುಳಿನ ರಕ್ತನಾಳಗಳು ಸಂಕೋಚಗೊಳ್ಳುವುವು. ಆರೋಗ್ಯವಂತನಿಗೆ ಇದರಿಂದ ತಲೆ ಹಗುರವಾದೀತು, ಅಷ್ಟೆ. ಮೊದಲೇ ದಾರಿ ಕಿರಿದಾಗಿರುವವರಿಗೆ ಉಳಿದ ರಕ್ತವೂ ತಪ್ಪಬಹುದು. ಜಪಾನಿನಲ್ಲಿ ಈ ರೋಗವುಳ್ಳ ಮಕ್ಕಳಿಗೆ ಬಿಸಿ ಶಾವಿಗೆಯ ಸಾರನ್ನು ಊದಿ ಆರಿಸುವಾಗಲೂ, ಗಟ್ಟಿಯಾಗಿ ಅಳುವಾಗಲೂ ಕೈಕಾಲು ಬೀಳುವುದುಂಟು. ಮೈಯಲ್ಲಿ ನೀರು ಕಡಿಮೆಯಾದರೂ ಅಪಾಯವೇ. ನಾನು ಒಂದೇ ಬೆಳಿಗ್ಗೆ ಅವೆರಡನ್ನೂ ಒಟ್ಟುಗೂಡಿಸಿ, ತಾಳ ಹಾಕಿ, ನಡೆಸಿಕೊಟ್ಟಿದ್ದೆನು.

ಪ್ರಾಣಾಯಾಮವನ್ನಾಗಲಿ ವ್ರತವನ್ನಾಗಲಿ ದೂಷಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅಧಿಕಾರಿಯನ್ನು ನೋಡಿ ಉಪದೇಶಿಸಬೇಕೆಂಬುದು ನಮ್ಮ ಶಾಸ್ತ್ರಗಳದೇ ನಿಯಮ. ರೋಗಿಯನ್ನು ನೋಡದೆ ಔಷಧವನ್ನು ಕೊಟ್ಟವನು ನಾನು.

ಚಿಕಿತ್ಸೆಯ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ಕಿರಿದಾದ ಧಮನಿಯನ್ನು ಹಿಗ್ಗಿಸಿ ರೋಗವನ್ನು ಹೋಗಲಾಡಿಸುವ ಔಷಧ ಇಲ್ಲ. ರಕ್ತಕ್ಕೆ ಬೇರೆ ದಾರಿಯನ್ನು ಕಲ್ಪಿಸಿಕೊಡುವುದೇ ಉಪಾಯ. ಕಿವಿಯ ಮುಂದೆ ಬೆರಳಿಟ್ಟರೆ ಮಿಡಿಯುವ ಒಂದು ಧಮನಿಯಿದೆಯಷ್ಟೆ. ಅದು ತಲೆಯ ಚರ್ಮಕ್ಕೆ ರಕ್ತವನ್ನು ಕೊಡುವುದು. ಅದರ ಕವಲೊಂದನ್ನು ಬಿಡಿಸಿ, ತಲೆಬುರುಡೆಯಲ್ಲಿ ಕಂಡಿ ಮಾಡಿ, ಮೆದುಳಿನ ಮೇಲ್ಭಾಗದ ಧಮನಿಗೆ ಹೊಲಿದುಬಿಡುವರು. ಎರಡರ ಅಗಲವೂ ಸುಮಾರು ಒಂದು ಮಿಲಿಮೀಟರು. ಹೊಲಿಯುವ ದಾರ ತಲೆಗೂದಲಿಗಿಂತ ಸಣ್ಣದು. ಸೂಕ್ಷ್ಮದರ್ಶಕದ ಕೆಳಗೆ ನಡೆಯಬೇಕಾದ ಕೆಲಸ. ಈ ಬಗೆಯ ಜೋಡಣೆಯನ್ನು ಮೊದಲು ಮಾಡಿದವರು ಜ್ಯೂರಿಕ್ ನಗರದ ಯಾಸರ್ಗಿಲ್, 1967ರಲ್ಲಿ. ಧಮನಿಯನ್ನು ಹೊಲಿಯದೆ ಮೆದುಳಿನ ಮೇಲೆ ಹರಡಿಟ್ಟು, ತಿಂಗಳುಗಳ ಮೇಲೆ ಹೊಸ ನಾಳಗಳು ತಾವಾಗಿ ಬೆಳೆಯುವಂತೆ ಮಾಡುವ ಕ್ರಮವೂ ಉಂಟು. ಒಮ್ಮೆ ರಕ್ತಸ್ರಾವವಾದ 80 ಮಂದಿ ವಯಸ್ಕರನ್ನು ಜಪಾನಿನ ವೈದ್ಯರು ಐದು ವರ್ಷ ಗಮನಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಶಸ್ತ್ರಚಿಕಿತ್ಸೆಯಾಗದವರಲ್ಲಿ ನೂರಕ್ಕೆ 32 ಮಂದಿಗೆ ಮತ್ತೆ ರಕ್ತಸ್ರಾವವಾಯಿತು. ಆದವರಲ್ಲಿ ನೂರಕ್ಕೆ 12 ಮಂದಿಗೆ. ನಮ್ಮ ದೇಶದಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಮೊದಲಾದೆಡೆಗಳಲ್ಲಿ ಈ ಚಿಕಿತ್ಸೆ ನಡೆಯುವುದು.

ಸೊಸೆಗೆ 2019ರ ಆರಂಭದಲ್ಲಿ ಎಡಪಕ್ಕಕ್ಕೂ, ಆ ವರ್ಷದ ಕೊನೆಗೆ ಬಲಪಕ್ಕಕ್ಕೂ ಶಸ್ತ್ರಚಿಕಿತ್ಸೆಯಾಯಿತು. ಮೊದಲನೆಯದಾದ ಮೂರನೆಯ ದಿನ ಮಾತು ತೊದಲಿತು. ಬಹುಕಾಲ ಒಣಗಿದ್ದ ಗದ್ದೆಗೆ ಒಮ್ಮೆಗೇ ನೀರು ಬಂದರೆ ಹೀಗಾಗುವುದುಂಟು, ಕೆಲವು ದಿನಗಳಲ್ಲಿ ಸರಿಹೋಗುವುದು ಎಂದರು, ಹಾಗೆಯೇ ಆಯಿತು. ಆ ಕೆಲವು ದಿನಗಳು ನನಗೆ ಹೇಗೆ ಕಳೆದುವೆಂಬುದನ್ನು ಬರೆಯಲಾರೆನು.

ಆಸ್ಪತ್ರೆಯ ಪಡಸಾಲೆಯಲ್ಲಿ ಅದೇ ರೋಗದ ಮತ್ತಿಬ್ಬರನ್ನು ಕಂಡೆನು. ಒಬ್ಬಾಕೆ ಬಟ್ಟೆ ಹೊಲಿಯುವವಳು, ನಲವತ್ತು ಮುಟ್ಟಿರಲಿಲ್ಲ. ಎಡಗೈ ಬಟ್ಟೆಯನ್ನು ಹಿಡಿಯುವುದಿಲ್ಲವೆಂದು ಗಿರಾಕಿಗಳು ಬಿಟ್ಟುಹೋದರಂತೆ. ಇನ್ನೊಬ್ಬರು ಬಸ್ಸಿನ ಕಂಡಕ್ಟರು, ರಕ್ತಸ್ರಾವವಾಗಿ ಉಳಿದವರು. ಚಿಲ್ಲರೆಯ ಲೆಕ್ಕ ತಪ್ಪುತ್ತಿದ್ದಾಗ ಜನ ಮೋಸಗಾರನೆಂದರಂತೆ, ಮಾತು ತೊದಲಿದಾಗ ಕುಡುಕನೆಂದರಂತೆ. ಆಕೆ ಸೋಮಾರಿ, ಆತ ಕುಡುಕ, ನನ್ನ ಸೊಸೆ ಗರ್ವಿಷ್ಠೆ. ಮೂವರದೂ ಒಂದೇ ರೋಗ. ಅದಕ್ಕೆ ಲೋಕವು ಇಟ್ಟ ಹೆಸರುಗಳು ಮಾತ್ರ ಬೇರೆಬೇರೆ. ನನ್ನಂತಹ ತಾರ್ಕಿಕರು ಪ್ರತಿ ಬೀದಿಯಲ್ಲಿಯೂ ಇರುವರೆಂದು ಅಂದು ತಿಳಿಯಿತು.

ಬೆಟ್ಟದ ಪಾಠವನ್ನು ಆ ಪಡಸಾಲೆಯಲ್ಲಿ ಕುಳಿತು ಮತ್ತೊಮ್ಮೆ ಮನನಮಾಡಿದೆನು. ಲೋಟ ಬಿದ್ದುದೂ ಮಾತು ನಿಂತುದೂ ನಿಜವಾದ ಹೊಗೆಯೇ, ಅದರಲ್ಲಿ ಭ್ರಾಂತಿಯಿಲ್ಲ. ಆದರೆ ನಾನು ಅದರ ಕೆಳಗೆ ಕಂಡ ಬೆಂಕಿ ಅಲ್ಲಿರಲಿಲ್ಲ. ನನ್ನ ಮನಸ್ಸಿನಲ್ಲಿ ಮೊದಲೇ ಉರಿಯುತ್ತಿದ್ದ ಬೆಂಕಿಯನ್ನು ಅವಳ ಬೆಟ್ಟದ ಮೇಲೆ ಸಾಧಿಸಿದ್ದೆನು. ಅಷ್ಟೇ ಅಲ್ಲ, ತಲೆಯೊಳಗಿನ ಆ ಹೊಗೆಯಾದರೋ ಕೇಡಿನ ಗುರುತು ಮಾತ್ರವೇ ಅಲ್ಲ. ಮುಚ್ಚಿದ ದಾರಿಯ ಮುಂದೆ ಸುಮ್ಮನೆ ಕೂಡದೆ ದೇಹವು ಮಾಡಿದ ಪ್ರಯತ್ನ. ನಾವು ಮನೆಯವರು ಒಬ್ಬರೂ ಅರಿಯದಿದ್ದ ವರ್ಷಗಳಲ್ಲಿ ಅವಳನ್ನು ಕಾಪಾಡಿದುದು ಆ ಹೊಗೆಯೇ.

ಶಸ್ತ್ರಚಿಕಿತ್ಸೆಯಾದ ಮೇಲೆ ನೆಂಟರಿಷ್ಟರು, ‘ಅಂತೂ ವಾಸಿಯಾಯಿತಲ್ಲ’ ಎನ್ನುವರು. ಕೂದಲು ಬೆಳೆದು ಗಾಯದ ಗೆರೆಯನ್ನು ಮುಚ್ಚಿರುವುದು. ನೋಡಿದವರಿಗೆ ಏನೂ ಕಾಣದು. ವಾಸಿಯಾಗಿಲ್ಲ, ರೋಗ ಇದ್ದಲ್ಲಿಯೇ ಇದೆ, ದಾರಿ ಮಾತ್ರ ಬದಲಾಗಿದೆ. ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಚಿತ್ರ ತೆಗೆಸಬೇಕು. ದಿನವೂ ಆಸ್ಪಿರಿನ್ ಗುಳಿಗೆ ನುಂಗಬೇಕು. ಹೊಸ ಧಮನಿಯನ್ನು ಒತ್ತಬಾರದೆಂದು ಕನ್ನಡಕದ ಕಡ್ಡಿಯನ್ನು ಸಡಿಲಮಾಡಿಸಿಕೊಂಡಿರುವಳು. ಇಬ್ಬರು ಒಟ್ಟಿಗೆ ಮಾತನಾಡಿದರೆ ಒಬ್ಬರ ಮಾತೂ ಅವಳಿಗೆ ಹತ್ತುವುದಿಲ್ಲ. ಮದುವೆಮನೆಯ ಗದ್ದಲದಲ್ಲಿ ಒಂದು ಗಂಟೆ ಕಳೆದರೆ ಮರುದಿನವೆಲ್ಲ ಮಲಗಬೇಕು. ‘ನೋಡುವುದಕ್ಕೆ ಗುಂಡುಕಲ್ಲಿನಂತಿದ್ದಾಳೆ, ಎಲೆ ಹಾಕುವುದಕ್ಕೆ ಮಾತ್ರ ಆಗುವುದಿಲ್ಲ’ ಎಂದು ಒಬ್ಬ ಹಿರಿಯ ಮುತ್ತೈದೆ ಅವಳಿಗೆ ಕೇಳಿಸುವಂತೆ ಹೇಳಿದಳು. ಒಮ್ಮೆ ಬಸ್ಸಿನಲ್ಲಿ ವೃದ್ಧರೊಬ್ಬರು, ವಯಸ್ಸಿನವಳು ಕುಳಿತಿರುವೆಯಲ್ಲ ಎಂದು ಗದರಿಸಿದಾಗ ಎದ್ದು ನಿಂತಳಂತೆ. ಹೇಳಬಾರದಾಗಿತ್ತೇ ಎಂದು ಕೇಳಿದೆನು. ‘ಮೊಯಾಮೊಯಾ ಎಂದರೆ ಅವರು ನಕ್ಕುಬಿಡುತ್ತಿದ್ದರು, ಮಾವ. ವಿವರಿಸಿ ಹೇಳುವುದಕ್ಕಿಂತ ನಿಲ್ಲುವುದು ಸುಲಭ’ ಎಂದಳು.

ಆದರೂ ಅವಳು ಶಾಲೆಗೆ ಮರಳಿರುವಳು. ಬಾಯಿಲೆಕ್ಕದ ಚುರುಕು ಹೋಯಿತು. ಶೆಟ್ಟರ ಅಂಗಡಿಯಲ್ಲಿ ಈಗ ಶೆಟ್ಟರೇ ಮೊದಲು ಮುಗಿಸುವರು. ಅದು ಅವಳಿಗೆ ಎಷ್ಟು ದುಃಖದ ಸಂಗತಿಯೆಂಬುದನ್ನು ಬಲ್ಲೆನು. ತರಗತಿಯಲ್ಲಿ ಪ್ರತಿಯೊಂದು ಹೆಜ್ಜೆಯನ್ನೂ ಕರಿಹಲಗೆಯ ಮೇಲೆ ಬರೆದೇ ಮುಂದೆ ಹೋಗುವಳು. ಒಬ್ಬಳು ಹಿಂದುಳಿದ ಹುಡುಗಿ, ‘ಮೇಡಂ, ಈಗ ನೀವು ಹೇಳುವುದು ನನಗೆ ತಿಳಿಯುತ್ತದೆ’ ಎಂದಳಂತೆ. ಆ ಮಾತನ್ನು ಮನೆಗೆ ಬಂದು ನನಗೇ ಹೇಳಿದಳು.

ನಮ್ಮ ಮನೆಯ ಆಚಾರದಲ್ಲಿಯೂ ಕೆಲವು ತಿದ್ದುಪಡಿಗಳಾಗಿವೆ. ಪ್ರತಿಯೊಂದು ಕೋಣೆಯಲ್ಲಿಯೂ ನೀರಿನ ಚೊಂಬು ಇದೆ. ಸಾರನ್ನು ಆರಿಸಿಯೇ ಬಡಿಸುವುದು ಪದ್ಧತಿಯಾಗಿದೆ. ಬಿಸಿಸಾರಿಲ್ಲದ ಊಟ ಊಟವೇ ಅಲ್ಲವೆನ್ನುತ್ತಿದ್ದ ನಾನೂ ಅದನ್ನೇ ಉಣ್ಣುವೆನು. ಮೊಮ್ಮಗನೂ ಸೇರಿ ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಮಾತನಾಡುವೆವು. ಏಕಾದಶಿಯಂದು ಅವಳಿಗೆ ಊಟವುಂಟು. ಅದನ್ನು ವಿಧಿಸಿದವನು ನಾನೇ.

ಕ್ಷಮೆ ಕೇಳುವ ಕೆಲಸ ಉಳಿದಿತ್ತು. ಮಾವನಾದವನು ಸೊಸೆಯೆದುರು ಹೇಗೆ ತೊಡಗಬೇಕೆಂಬುದು ಯಾವ ಶಾಸ್ತ್ರದಲ್ಲಿಯೂ ಇಲ್ಲ. ಎರಡನೆಯ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ವಾರ, ಅವಳು ಒಬ್ಬಳೇ ಹಿತ್ತಿಲ ಕಟ್ಟೆಯ ಮೇಲೆ ಕುಳಿತಿದ್ದಾಗ ಹೋಗಿ, ಪಂಚಾಂಗದ ದಿನದ ಮಾತೆತ್ತಿ, ‘ತಪ್ಪಾಯಿತಮ್ಮಾ’ ಎಂದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದು ನನ್ನ ಮಾತು ಹೋಗಿದ್ದುದು ಐದು ನಿಮಿಷ, ಮಾವ. ನಿಮ್ಮದು ಎರಡು ದಿನ ಹೋಗಿತ್ತು’ ಎಂದಳು. ಧ್ವನಿಯಲ್ಲಿ ಕೋಪವಿರಲಿಲ್ಲ, ಲೆಕ್ಕ ಒಪ್ಪಿಸುವಂತೆ ಹೇಳಿದಳು. ಆಮೇಲೆ, ‘ಆ ಎರಡು ದಿನವೇ ಕಷ್ಟವಾಗಿತ್ತು’ ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ವಾಚಕರಲ್ಲಿ ಒಂದೇ ವಿಜ್ಞಾಪನೆ. ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಒಂದು ಕೈ ಬಿದ್ದರೆ, ಬಾಯಿ ಓರೆಯಾದರೆ, ಮಾತು ನಿಂತರೆ, ಐದು ನಿಮಿಷಗಳಲ್ಲಿ ಸರಿಹೋಯಿತೆಂದು ಸಮಾಧಾನಪಡಬೇಡಿರಿ. ವಯಸ್ಸು ಚಿಕ್ಕದೆಂದು ಉಪೇಕ್ಷಿಸಬೇಡಿರಿ. ಒಡನೆಯೇ ಮೆದುಳಿನ ಪರೀಕ್ಷೆಗೆ ಅನುಕೂಲವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಕಾರಣ ಮೊಯಾಮೊಯಾವೇ ಆಗಿರಬೇಕಾದುದಿಲ್ಲ; ಯಾವುದಾದರೂ ತಡಮಾಡಬಾರದು. ಮನೆಯವರ ಸ್ವಭಾವದ ವಿಷಯದಲ್ಲಿ ತೀರ್ಪು ಕೊಡುವ ಕೆಲಸವನ್ನು ಅದಾದ ಮೇಲೆ ಇಟ್ಟುಕೊಳ್ಳಬಹುದು.

ಕಳೆದ ತಿಂಗಳು ಹೀಗಾಯಿತು. ಸಂಜೆ ಅವಳು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಳು. ನಾನು ನನ್ನ ಕನ್ನಡಕ ಎಲ್ಲಿದೆಯೆಂದು ಕೇಳಿದೆನು. ಉತ್ತರವಿಲ್ಲ. ಎದ್ದು ಹೋಗಿ ಮೊದಲು ಅವಳ ಬಲಗೈಯನ್ನು ನೋಡಿದೆನು, ಲೇಖನಿ ಭದ್ರವಾಗಿತ್ತು. ಮುಖವನ್ನು ನೋಡಿದೆನು, ತುಟಿ ಸಮವಾಗಿತ್ತು. ‘ಮಗೂ, ಮಾತು ಬರುತ್ತದೆಯೇ?’ ಎಂದೆನು.

‘ಬರುತ್ತದೆ, ಮಾವ. ಬೆಳಗಿನಿಂದ ಆರನೆಯ ಸಲ ಕನ್ನಡಕ ಕೇಳುತ್ತಿದ್ದೀರಿ. ಇದು ಬರಿಯ ಕೋಪ’ ಎಂದಳು.

ನನಗೆ ಪರಮಾನಂದವಾಯಿತು. ಕನ್ನಡಕ ನನ್ನ ಹಣೆಯ ಮೇಲೆಯೇ ಇದ್ದಿತು.